ಓದಿನ ಬಹುಮಾನ ಯಾರಿಗೆ ಸಲ್ಲಬೇಕು?

ನಮ್ಮೂರಿನ ಶಾಲೆಯಲ್ಲಿ ಕಲಿತು ಇಂದು ನಾನಾ ಊರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು, ಶಾಲೆಯಲ್ಲಿ ಒಂದು ದತ್ತಿ ಬಹುಮಾನವನ್ನು ಸ್ಥಾಪಿಸಲು ನಿಶ್ಚಯಿಸಿರುವುದಾಗಿ ತಿಳಿಸಿದ್ದಾರೆ. ತಮ್ಮೊಳಗೇ ಹಣ ಕೂಡಿಸಿ ಬ್ಯಾಂಕಿನಲ್ಲಿ ಠೇವಣಿ ಇಡುವುದು, ಅದರ ಬಡ್ಡಿಯಿಂದ ಪ್ರತಿವರ್ಷವೂ ವಾರ್ಷಿಕೋತ್ಸವದ ದಿನ ‘ಕನ್ನಡದಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ವಿದ್ಯಾರ್ಥಿ’ಗೆ ಬಹುಮಾನ ಕೊಡುವುದು ಅವರ ಯೋಜನೆ. ಅದಕ್ಕೆ ನನ್ನ ಹೆಸರನ್ನಿಡಬೇಕೆಂಬ ಆಸೆಯೂ ಅವರಿಗಿದೆ. ಈ ಪ್ರೀತಿಗೆ ನಾನು ಋಣಿ. ಆದರೆ ಬಹುಮಾನ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ದೂರವಾಣಿಯಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವುದಕ್ಕಿಂತ ಇಲ್ಲಿ ವಿವರವಾಗಿ ಬರೆಯುವುದೇ ಲೇಸೆಂದು ತೋರಿತು.

ನನ್ನ ಬಿನ್ನಹ ಇಷ್ಟು: ಪ್ರಾಥಮಿಕ ಶಾಲೆಯಲ್ಲಿ ಓದಿಗಾಗಿ ಬಹುಮಾನ ಕೊಡುವುದಾದರೆ, ಆ ವರ್ಷ ಓದಿನಲ್ಲಿ ಎಲ್ಲರಿಗಿಂತ ಹೆಚ್ಚು ದೂರ ನಡೆದು ಬಂದ ಮಕ್ಕಳಿಗೆ ಕೊಡಿ. ಆ ಮಗು ತರಗತಿಯಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ಕೇಳಬೇಡಿ.

ವಾರ್ಷಿಕೋತ್ಸವದ ಬಹುಮಾನ ವಿತರಣೆಯನ್ನು ನೀವೆಲ್ಲರೂ ಕಂಡವರೇ. ಮೇಜಿನ ಮೇಲೆ ಸ್ಟೀಲಿನ ಲೋಟ, ತಟ್ಟೆ, ಊಟದ ಡಬ್ಬಿಗಳು ಸಾಲಾಗಿರುತ್ತವೆ. ಅತಿಥಿಗಳ ಭಾಷಣ ಮುಗಿದ ಮೇಲೆ ಒಂದೊಂದೇ ಹೆಸರನ್ನು ಕರೆಯುತ್ತಾರೆ. ಮೂರು ನಾಲ್ಕು ಹೆಸರುಗಳೇ ಮತ್ತೆ ಮತ್ತೆ ಕೇಳಿಸುತ್ತವೆ. ಪರೀಕ್ಷೆಯಲ್ಲಿ ಮೊದಲಿಗರಾದವರೇ ಪ್ರಬಂಧದಲ್ಲಿ, ಭಾಷಣದಲ್ಲಿ, ಕಂಠಪಾಠದಲ್ಲಿ ಮೊದಲಿಗರು. ಉಳಿದವರ ಪಾಲಿಗೆ ಚಪ್ಪಾಳೆ ತಟ್ಟುವ ಕೆಲಸ. ಒಂದರಿಂದ ಏಳರವರೆಗೆ ಏಳು ವರ್ಷ ಚಪ್ಪಾಳೆ ತಟ್ಟಿಯೇ ಶಾಲೆ ಬಿಟ್ಟು ಹೋದವರು ನಿಮ್ಮಲ್ಲಿಯೂ ಇದ್ದಾರೆ. ಅವರಲ್ಲಿ ಇಬ್ಬರು ಮೂವರು ಈ ದತ್ತಿಗೆ ಉದಾರವಾಗಿ ಹಣ ಕೊಡಲು ಮುಂದೆ ಬಂದಿದ್ದಾರೆಂಬುದೂ ನನಗೆ ತಿಳಿದಿದೆ.

ಪ್ರತಿಭೆಯನ್ನು ಮನ್ನಿಸಬಾರದೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಪ್ರತಿಭಾ ಕಾರಂಜಿಯಿದೆ. ಶಾಲೆಯ ಹಂತದಿಂದ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಏರುತ್ತ ಹೋಗುವ ಸ್ಪರ್ಧೆಗಳಿವೆ. ಹಲವರಲ್ಲಿ ಒಬ್ಬರನ್ನು ಆರಿಸುವುದು ಸ್ಪರ್ಧೆಯ ಧರ್ಮ. ಆದರೆ ಓದು ಪ್ರತಿಭೆಯಲ್ಲ, ನಡಿಗೆಯಂತೆ ಎಲ್ಲ ಮಕ್ಕಳಿಗೂ ಬರಲೇಬೇಕಾದದ್ದು. ಮನೆಯಲ್ಲಿ ಕೂಸು ಮೊದಲ ಹೆಜ್ಜೆ ಇಟ್ಟಾಗ, ‘ಪಕ್ಕದ ಮನೆಯ ಕೂಸು ಇದಕ್ಕಿಂತ ಮೊದಲೇ ನಡೆಯಿತು’ ಎಂದು ಯಾವ ತಾಯಿಯೂ ಸಂಭ್ರಮವನ್ನು ತಡೆಹಿಡಿಯುವುದಿಲ್ಲ. ತಡವಾಗಿ ನಡೆದ ಕೂಸಿನ ಮನೆಯಲ್ಲಿ ಸಂಭ್ರಮ ಹೆಚ್ಚೇ ಇರುತ್ತದೆ. ಶಾಲೆಗೆ ಕಾಲಿಟ್ಟ ಕೂಡಲೇ ಈ ವಿವೇಕ ನಮ್ಮನ್ನು ಬಿಟ್ಟುಹೋಗುವುದೇಕೆ?

ಓದುವುದೆಂದರೆ ಎಷ್ಟು ದೊಡ್ಡ ಕೆಲಸವೆಂಬುದನ್ನು ಓದಬಲ್ಲವರು ಮರೆತಿರುತ್ತೇವೆ. ಕನ್ನಡವನ್ನು ಬರೆದಂತೆಯೇ ಓದುತ್ತೇವಾದ್ದರಿಂದ ಅದು ಸುಲಭವೆಂದು ಹೇಳುವ ರೂಢಿಯಿದೆ. ಮಗುವಿನ ಕಡೆಯಿಂದ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರಗಳು. ಪ್ರತಿಯೊಂದು ವ್ಯಂಜನಕ್ಕೂ ಕಾಗುಣಿತ. ಅದನ್ನು ದಾಟಿದರೆ ಒತ್ತಕ್ಷರ. ಕೆಲವು ಒತ್ತುಗಳು ಮೂಲಾಕ್ಷರದ ಪುಟ್ಟ ರೂಪವಾಗಿರುವುದರಿಂದ ಗುರುತು ಸಿಗುತ್ತದೆ. ಆದರೆ ತ, ನ, ಮ, ಯ, ರ, ಲಗಳ ಒತ್ತುಗಳಿಗೂ ಅವುಗಳ ಮೂಲರೂಪಕ್ಕೂ ಹೋಲಿಕೆಯೇ ಇಲ್ಲ. ಅವನ್ನು ಹೊಸ ಅಕ್ಷರಗಳಂತೆಯೇ ಕಲಿಯಬೇಕು. ಅರ್ಕಾವತ್ತಿನ ವಿಷಯವಂತೂ ಕೇಳುವುದೇ ಬೇಡ. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸಬೇಕಾದ ರಕಾರವನ್ನು ನಾವು ಯಕಾರದ ಅನಂತರ ಬರೆಯುತ್ತೇವೆ. ಕಣ್ಣು ಒಂದು ಕ್ರಮದಲ್ಲಿ ಕಂಡದ್ದನ್ನು ನಾಲಗೆ ಇನ್ನೊಂದು ಕ್ರಮದಲ್ಲಿ ನುಡಿಯಬೇಕು. ಏಳು ವರ್ಷದ ಮಗು ಇದನ್ನು ದಾಟಿ ‘ಸೂರ್ಯ’ ಎಂದು ಸರಿಯಾಗಿ ಓದಿತೆಂದರೆ ಅದು ಸಾಮಾನ್ಯ ಸಾಧನೆಯೇ?

ಈ ಕಷ್ಟವನ್ನು ಅರಿತವರೇ ‘ರ, ಗ, ಸ, ದ, ಅ’ ಎಂಬ ಕ್ರಮವನ್ನು ಮಾಡಿದರು. ಅ ಆ ಇ ಈ ಎಂದು ಆರಂಭಿಸಿದರೆ ಸ್ವರಗಳನ್ನೆಲ್ಲ ಮುಗಿಸಿ ವ್ಯಂಜನಗಳಿಗೆ ಬರುವವರೆಗೆ ಮಗುವಿಗೆ ಓದಲು ಪದಗಳೇ ಸಿಗುವುದಿಲ್ಲ. ಈ ಐದು ಅಕ್ಷರ ಕಲಿತರೆ ಸಾಕು. ಸರ, ರಸ, ಅರಸ, ಗರಗಸ ಎಂದು ಮಗು ಆಗಲೇ ಓದತೊಡಗುತ್ತದೆ. ಬಳಿಕ ಜ, ವ, ಮ, ಬ, ನ ಬಂದರೆ ವನ, ಮನ, ಜನ, ನವಮಿಯ ‘ನವ’. ಮೊದಲ ತಿಂಗಳುಗಳಲ್ಲಿಯೇ ‘ನನಗೆ ಓದು ಬರುತ್ತದೆ’ ಎಂಬ ಧೈರ್ಯವನ್ನು ಮಗುವಿಗೆ ಕೊಡುವುದು ಈ ಕ್ರಮದ ಗುಣ. ಸಣ್ಣ ಮುನ್ನಡೆಯೂ ಮಗುವಿನ ಕಣ್ಣಿಗೆ ಕಾಣುವಂತೆ ಮಾಡಬೇಕೆಂಬ ತಿಳಿವಳಿಕೆ ಇದರ ಹಿಂದಿದೆ. ನಾನು ಹೇಳುತ್ತಿರುವುದೂ ಇದನ್ನೇ. ಮಗುವಿನ ಕಣ್ಣಿಗೆ ಮಾತ್ರವಲ್ಲದೆ ಊರಿನ ಕಣ್ಣಿಗೂ ಅದು ಕಾಣಲಿ ಎಂದು.

ಇನ್ನು, ಎಲ್ಲ ಮಕ್ಕಳೂ ಒಂದೇ ಗೆರೆಯಿಂದ ಹೊರಟವರಲ್ಲ. ಒಂದು ಮನೆಗೆ ದಿನಪತ್ರಿಕೆ ಬರುತ್ತದೆ, ಅಜ್ಜ ಕಥೆ ಓದಿ ಹೇಳುತ್ತಾರೆ, ಅಕ್ಕ ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸುತ್ತಾಳೆ. ಇನ್ನೊಂದು ಮನೆಯಲ್ಲಿ ಪಡಿತರ ಚೀಟಿಯನ್ನು ಬಿಟ್ಟರೆ ಅಕ್ಷರವಿರುವ ಕಾಗದವೇ ಇಲ್ಲ. ಮತ್ತೊಂದು ಮನೆಯ ಮಾತು ಲಂಬಾಣಿ, ಉರ್ದು ಅಥವಾ ತೆಲುಗು. ಆ ಮಗು ಪುಸ್ತಕದ ಕನ್ನಡವನ್ನು ಕೇಳುವುದೇ ಶಾಲೆಯಲ್ಲಿ. ಜೂನ್ ತಿಂಗಳಲ್ಲಿ ಮೊದಲನೆಯ ಮಗು ಆಗಲೇ ವಾಕ್ಯಗಳನ್ನು ಓದುತ್ತಿರುತ್ತದೆ. ಮೂರನೆಯದು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿರುತ್ತದೆ. ಮಾರ್ಚಿಯಲ್ಲಿ ಪರೀಕ್ಷೆ ನಡೆದಾಗ ಮೊದಲನೆಯದಕ್ಕೆ ತೊಂಬತ್ತೈದು, ಮೂರನೆಯದಕ್ಕೆ ನಲವತ್ತು. ಆ ನಲವತ್ತರ ಹಿಂದಿನ ದುಡಿಮೆ ತೊಂಬತ್ತೈದರ ಹಿಂದಿನದಕ್ಕಿಂತ ಹೆಚ್ಚಿನದಿರಬಹುದೆಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ.

ಬೇಗ ಓದಲು ಕಲಿತ ಮಗು ಹೆಚ್ಚು ಓದುತ್ತದೆ, ಹೆಚ್ಚು ಓದಿದಂತೆ ಅದರ ಪದಸಂಪತ್ತು ಬೆಳೆದು ಓದು ಇನ್ನೂ ಸಲೀಸಾಗುತ್ತದೆ. ತಡವಾಗಿ ಕಲಿತ ಮಗುವಿನ ವಿಷಯದಲ್ಲಿ ಇದೇ ಚಕ್ರ ಹಿಂದುಮುಂದಾಗಿ ತಿರುಗುತ್ತದೆ. ಕೀತ್ ಸ್ಟಾನೊವಿಚ್ ಎಂಬ ವಿದ್ವಾಂಸರು 1986ರಲ್ಲಿಯೇ ಇದನ್ನು ವಿವರವಾಗಿ ಬರೆದಿದ್ದಾರೆ. ಮೊದಲೇ ಮುಂದಿರುವ ಮಗುವಿಗೆ ಬಹುಮಾನವನ್ನೂ ಕೊಟ್ಟು, ಹಿಂದಿರುವುದಕ್ಕೆ ಮೌನವನ್ನು ಕೊಟ್ಟರೆ ಆ ಅಂತರಕ್ಕೆ ನಾವೂ ನಮ್ಮ ಕೈಯಿಂದ ಒಂದು ಗೇಣು ಸೇರಿಸಿದಂತಾಗುತ್ತದೆ.

ಈ ಮೌನ ಎಷ್ಟು ದುಬಾರಿಯೆಂಬುದಕ್ಕೆ ನನ್ನ ವೃತ್ತಿಜೀವನದ ಒಂದು ಪ್ರಸಂಗವನ್ನು ಹೇಳುತ್ತೇನೆ. ನಾಲ್ಕನೆಯ ತರಗತಿಗೆ ಒಬ್ಬ ಹುಡುಗ ಬೇರೆ ಊರಿನಿಂದ ಬಂದು ಸೇರಿದ್ದ. ಅಕ್ಷರಗಳನ್ನು ಗುರುತಿಸುತ್ತಿದ್ದ, ಅಷ್ಟೇ. ಏಳೆಂಟು ತಿಂಗಳಲ್ಲಿ ಕಾಗುಣಿತ ದಾಟಿ, ಒತ್ತಕ್ಷರದಲ್ಲಿ ತಡವರಿಸುತ್ತ, ಬೆರಳಿಟ್ಟುಕೊಂಡು ನಿಧಾನವಾಗಿ ನಾಲ್ಕಾರು ಸಾಲು ಓದುವಂತಾದ. ಪರೀಕ್ಷೆಯ ಲೆಕ್ಕದಲ್ಲಿ ಆಗಲೂ ಅವನು ಕೊನೆಯವನೇ. ಬೇಸಗೆಗೆ ಮುಂಚೆ ಅವನ ತಂದೆ ಬಂದರು. “ಇವನಿಗೆ ಓದು ತಲೆಗೆ ಹತ್ತೋದಿಲ್ಲ ಮೇಷ್ಟ್ರೇ. ಸುಮ್ಮನೆ ಯಾಕೆ? ಕುರಿ ಜೊತೆ ಕಳಿಸ್ತೀನಿ” ಎಂದರು. ಅವರನ್ನು ಕೂರಿಸಿ, ಅವರ ಜೇಬಿನಲ್ಲಿದ್ದ ಪಡಿತರ ಚೀಟಿಯನ್ನು ಹುಡುಗನ ಕೈಗೆ ಕೊಟ್ಟು ಓದಲು ಹೇಳಿದೆ. ಅವನು ಮನೆಯ ಯಜಮಾನನೆಂದು ಬರೆದಿದ್ದ ತಾತನ ಹೆಸರನ್ನು, ಅಪ್ಪನ ಹೆಸರನ್ನು, ಅಮ್ಮನ ಹೆಸರನ್ನು, ಕೊನೆಗೆ ತನ್ನ ಹೆಸರನ್ನು ಒಂದೊಂದಾಗಿ ಓದಿದ. ತಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇವನು ಇಷ್ಟು ಓದ್ತಾನೆ ಅಂತ ನಮಗೆ ಯಾರೂ ಹೇಳಿರಲಿಲ್ಲ” ಎಂದರು. ಹುಡುಗ ಜೂನ್ ತಿಂಗಳಲ್ಲಿ ಐದನೆಯ ತರಗತಿಗೆ ಬಂದ. ಅವನು ದೊಡ್ಡ ಹುದ್ದೆಗೇನೂ ಹೋಗಲಿಲ್ಲ. ಏಳನೆಯ ತರಗತಿ ಮುಗಿಸಿ ಬೇಸಾಯಕ್ಕೆ ನಿಂತ. ಆದರೆ ಪಹಣಿಯನ್ನಾಗಲಿ, ಸೊಸೈಟಿಯ ಸಾಲದ ಪತ್ರವನ್ನಾಗಲಿ ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿಕೊಳ್ಳುವ ಸ್ಥಿತಿ ಅವನಿಗೆ ಬರಲಿಲ್ಲ.

‘ಯಾರೂ ಹೇಳಿರಲಿಲ್ಲ’ ಎಂಬ ಆ ತಂದೆಯ ಮಾತಿನಲ್ಲಿ ಈ ಲೇಖನದ ಸಾರವೆಲ್ಲ ಇದೆ. ಓದು ಬಾರದ ತಾಯಿತಂದೆಗೆ ಮಗುವಿನ ಓದು ಎಲ್ಲಿಗೆ ಬಂದಿದೆಯೆಂದು ತಿಳಿಯುವ ದಾರಿ ಶಾಲೆಯೊಂದೇ. ಶಾಲೆ ಮೊದಲ ಸ್ಥಾನವನ್ನು ಮಾತ್ರ ಸಾರಿದರೆ, ಉಳಿದ ಮನೆಗಳವರು ತಮ್ಮ ಮಗುವಿಗೆ ಏನೂ ಬರುವುದಿಲ್ಲವೆಂದೇ ತಿಳಿಯುತ್ತಾರೆ.

ನಡೆದ ದೂರವನ್ನು ಗೌರವಿಸಬೇಕಾದರೆ ಹೊರಟ ಜಾಗ ಗೊತ್ತಿರಬೇಕಷ್ಟೆ. ಇಲ್ಲವಾದರೆ ‘ಶ್ರಮಕ್ಕೆ ಬಹುಮಾನ’ ಎಂಬುದು ಮೇಷ್ಟರ ಮರ್ಜಿಗೆ ಬಹುಮಾನ ಎಂದಾದೀತು. ಇದಕ್ಕೆ ದೊಡ್ಡ ಏರ್ಪಾಡೇನೂ ಬೇಡ. 2005ರಿಂದ ಗ್ರಾಮೀಣ ಭಾರತದಲ್ಲಿ ನಡೆಯುತ್ತಿರುವ ‘ಅಸರ್’ ಸಮೀಕ್ಷೆಯವರು ಬಳಸುವುದು ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ಪುಟ್ಟ ಪ್ಯಾರಾ, ಎರಡನೆಯ ತರಗತಿಯ ಮಟ್ಟದ ಕಥೆ ಎಂಬ ನಾಲ್ಕು ಮೆಟ್ಟಿಲುಗಳನ್ನು. ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರೆ ಕೆಲವೇ ನಿಮಿಷದ ಕೆಲಸ. ಶಿಕ್ಷಕರು ಜೂನ್‌ನಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಒಮ್ಮೆ ಹೀಗೆ ಓದಿಸಿ ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು.

ನಮ್ಮ ನಲಿ-ಕಲಿ ಪದ್ಧತಿಯ ಜೀವಾಳವೂ ಇದೇ. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದ ಶಿಕ್ಷಕರು, ಯುನಿಸೆಫ್ ನೆರವಿನೊಡನೆ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಆರಂಭಿಸಿದರು. 2009–10ರ ಹೊತ್ತಿಗೆ ಅದು ರಾಜ್ಯದಾದ್ಯಂತ ಹರಡಿತು. ಅದರಲ್ಲಿ ಕಲಿಕೆಗೆ ಒಂದು ಏಣಿಯಿದೆ. ಮಗು ಕಾರ್ಡು ಹಿಡಿದು ಒಂದೊಂದೇ ಮೆಟ್ಟಿಲೇರುತ್ತದೆ. ಸುಗ್ಗಿಗೆಂದೋ ಕಾಯಿಲೆಯೆಂದೋ ಹದಿನೈದು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪ್ರತಿಮಗುವಿಗೂ ತನ್ನದೇ ಆದ ವೇಗ ಉಂಟೆಂದು ಒಪ್ಪಿಕೊಂಡ ಪದ್ಧತಿಯಿದು. ವರ್ಷವೆಲ್ಲ ಏಣಿಯ ಲೆಕ್ಕದಲ್ಲಿ ಕಲಿಸಿ, ವಾರ್ಷಿಕೋತ್ಸವದ ದಿನ ಮಾತ್ರ ಓಟದ ಲೆಕ್ಕದಲ್ಲಿ ಬಹುಮಾನ ಕೊಡುವುದು ಯಾವ ನ್ಯಾಯ?

ಇದಕ್ಕೆ ಬರಬಹುದಾದ ಎರಡು ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು, ಹೀಗೆ ಎಲ್ಲರಿಗೂ ಬಹುಮಾನ ಹಂಚಿದರೆ ಅದಕ್ಕೆ ಬೆಲೆಯೇನುಳಿಯಿತು ಎಂಬುದು. ಎಲ್ಲರಿಗೂ ಹಂಚಿ ಎಂದು ನಾನು ಹೇಳಿಲ್ಲ. ಅಕ್ಷರದಿಂದ ಪ್ಯಾರಾದವರೆಗೆ ಎರಡು ಮೆಟ್ಟಿಲು ಏರಿದ ಮಗುವಿಗೆ ಕೊಡಿ. ಜೂನ್‌ನಲ್ಲಿದ್ದ ಮೆಟ್ಟಿಲಿನಲ್ಲಿಯೇ ಫೆಬ್ರವರಿಯಲ್ಲಿಯೂ ಇರುವ ಮಗುವಿಗೆ ಬಹುಮಾನದ ಬದಲು ಪ್ರತಿದಿನ ಅರ್ಧ ಗಂಟೆ ಹೆಚ್ಚಿನ ಗಮನ ಕೊಡಿ. ಅಳತೆ ಇಲ್ಲಿಯೂ ಇದೆ, ಕಟ್ಟುನಿಟ್ಟಾಗಿಯೇ ಇದೆ. ಜಾಣ ಮಗುವೂ ಇದರಿಂದ ಹೊರಗಾಗುವುದಿಲ್ಲ. ಪಠ್ಯವನ್ನು ದಾಟಿ ಕಥೆಪುಸ್ತಕಕ್ಕೆ, ಕಥೆಪುಸ್ತಕದಿಂದ ಪತ್ರಿಕೆಗೆ ಏರಿದರೆ ಅದಕ್ಕೂ ಸಲ್ಲುತ್ತದೆ. ಏರದೆ ನಿಂತಿದ್ದರೆ, ಮೊದಲ ಸ್ಥಾನವೊಂದೇ ಅದನ್ನು ವೇದಿಕೆಗೆ ಕರೆತರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಶ್ರಮವನ್ನು ಕೊಂಡಾಡುವ ನೆಪದಲ್ಲಿ ಓದು ಬಾರದಿರುವುದನ್ನು ಮುಚ್ಚಿಡುವ ಅಪಾಯವಿಲ್ಲವೇ? ಇದೆ. ಓದಲು ಬಾರದ ಮಗುವಿಗೆ ‘ಬಹಳ ಚೆನ್ನಾಗಿ ಓದಿದೆ’ ಎಂದು ಹೇಳುವುದು ಪ್ರೀತಿಯಲ್ಲ, ವಂಚನೆ. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಮಟ್ಟದ ಕಥೆಯನ್ನು ಓದಬಲ್ಲವರು 2018ರಲ್ಲಿ ಶೇಕಡ 27ರಷ್ಟಿದ್ದರು. ಕೊರೋನಾದಿಂದ ಶಾಲೆಗಳು ಮುಚ್ಚಿ ತೆರೆದ ಮೇಲೆ 2022ರಲ್ಲಿ ಅದು ಶೇಕಡ 20ರಷ್ಟಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಶೇಕಡ 27ರಷ್ಟಕ್ಕೆ ಏರಿತು. ಎರಡೇ ವರ್ಷದಲ್ಲಿ ಕಳೆದುಕೊಂಡದ್ದನ್ನು ಮರಳಿ ಗಳಿಸಿದ್ದರ ಹಿಂದೆ ಲಕ್ಷಾಂತರ ಮಕ್ಕಳ, ಶಿಕ್ಷಕರ ಬೆವರಿದೆ. ಅದನ್ನು ಸಂಭ್ರಮಿಸದಿದ್ದರೆ ನಾವು ಕೃತಘ್ನರು. ನಾಲ್ವರಲ್ಲಿ ಮೂವರು ಇನ್ನೂ ಓದಲಾರರೆಂಬುದೂ ಅಷ್ಟೇ ನಿಜ; ಅದನ್ನು ಮರೆತರೆ ನಾವು ಬೇಜವಾಬ್ದಾರರು. ಎರಡನ್ನೂ ಒಟ್ಟಿಗೆ ಹೇಳಲು ಬಾಯಿ ಬರಬೇಕು. ‘ಜೂನ್‌ನಲ್ಲಿ ನಿನಗೆ ಅಕ್ಷರ ಮಾತ್ರ ಬರುತ್ತಿತ್ತು, ಈಗ ಪದ ಓದುತ್ತೀಯೆ. ಇನ್ನು ವಾಕ್ಯಕ್ಕೆ ಹೋಗೋಣ’ ಎಂದರೆ ಅದರಲ್ಲಿ ಸುಳ್ಳೂ ಇಲ್ಲ, ಹೀಯಾಳಿಕೆಯೂ ಇಲ್ಲ.

ಹೊಗಳುವ ಮಾತಿನ ವಿಷಯದಲ್ಲಿಯೂ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಐದನೆಯ ತರಗತಿಯ ಮಕ್ಕಳೊಡನೆ ನಡೆಸಿದ ಪ್ರಯೋಗಗಳು 1998ರಲ್ಲಿ ಪ್ರಕಟವಾದವು. ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ ಬೇಗ ಕೈಚೆಲ್ಲಿದರು. ‘ಚೆನ್ನಾಗಿ ಶ್ರಮಪಟ್ಟೆ’ ಎಂದು ಹೊಗಳಿಸಿಕೊಂಡವರು ಪ್ರಯತ್ನ ಮುಂದುವರಿಸಿದರು. ನಮ್ಮ ಶಿಕ್ಷಕರು ಅನುಭವದಿಂದ ಬಲ್ಲ ಮಾತೇ ಇದು.

ಇನ್ನು ಬಹುಮಾನದ ಸ್ವರೂಪ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಸಂಗಡಿಗರು ಚಿತ್ರ ಬಿಡಿಸುವುದರಲ್ಲಿ ಆಸಕ್ತಿಯುಳ್ಳ ಪುಟ್ಟ ಮಕ್ಕಳ ಕುರಿತ ಒಂದು ಅಧ್ಯಯನವನ್ನು ಪ್ರಕಟಿಸಿದರು. ‘ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ’ ಎಂದು ಮೊದಲೇ ಹೇಳಿದ್ದ ಮಕ್ಕಳು, ಕೆಲವು ದಿನಗಳಾದ ಮೇಲೆ, ತಾವಾಗಿ ಚಿತ್ರ ಬಿಡಿಸುವುದನ್ನು ಕಡಿಮೆ ಮಾಡಿದ್ದರು. ಏನನ್ನೂ ಹೇಳದೆ ಕೊನೆಯಲ್ಲಿ ಪತ್ರ ಪಡೆದವರ ಆಸಕ್ತಿ ಕುಂದಿರಲಿಲ್ಲ. ಖುಷಿಯ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಅದು ಕೂಲಿಯ ಕೆಲಸವೇ ಆಗುತ್ತದೆ. ಆದ್ದರಿಂದ ‘ಐವತ್ತು ಪುಸ್ತಕ ಓದಿದವರಿಗೆ ಬಹುಮಾನ’ ಎಂಬಂಥ ಸ್ಪರ್ಧೆಗಳು ನನಗೆ ಒಪ್ಪಿಗೆಯಲ್ಲ. ಮಕ್ಕಳು ತೆಳ್ಳಗಿನ ಪುಸ್ತಕಗಳನ್ನು ಹುಡುಕಿ ಹಾಳೆ ತಿರುವುತ್ತಾರೆ, ಎಣಿಕೆ ಬೆಳೆಯುತ್ತದೆ, ಓದು ಬೆಳೆಯುವುದಿಲ್ಲ.

ಓದಿಗೆ ಓದೇ ಬಹುಮಾನವಾಗಲಿ. ಸ್ಟೀಲಿನ ಲೋಟ ಬೇಡ, ಪುಸ್ತಕ ಕೊಡಿ. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕಗಳು ನಿಮಗೆಲ್ಲ ನೆನಪಿರಬೇಕು. ಈಗ ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದಂಥ ಪ್ರಕಾಶನಗಳಿಂದ ಮಕ್ಕಳ ಪುಸ್ತಕಗಳು ಕನ್ನಡದಲ್ಲಿ ದೊರೆಯುತ್ತವೆ. ಮಗು ಈಗ ನಿಂತಿರುವ ಮೆಟ್ಟಿಲಿಗಿಂತ ಒಂದೇ ಒಂದು ಮೆಟ್ಟಿಲು ಮೇಲಿನ ಪುಸ್ತಕವನ್ನು ಆರಿಸಿ ಕೊಡಿ. ಎಲ್ಲರಿಗೂ ಒಂದೇ ನಿಘಂಟನ್ನು ಕೊಟ್ಟರೆ ಅದು ಅಟ್ಟ ಸೇರುತ್ತದೆ. ಹಾಗೆಯೇ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಸಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವಕ್ಕೆ ಅವಕಾಶ ಮಾಡಿಕೊಡಲಾಯಿತು.

ಎಲ್ಲಕ್ಕಿಂತ ದೊಡ್ಡ ಬಹುಮಾನ ಕೇಳುವ ಕಿವಿ. ವಾರ್ಷಿಕೋತ್ಸವದ ಭಾಷಣಗಳಲ್ಲಿ ಅರ್ಧ ಗಂಟೆ ಕಡಿಮೆ ಮಾಡಿ, ಆ ಹೊತ್ತಿನಲ್ಲಿ ಮಕ್ಕಳನ್ನು ಅಂಗಳದಲ್ಲಿ ಅಲ್ಲಲ್ಲಿ ಕೂರಿಸಿ. ಒಂದೊಂದು ಮಗುವಿನ ಎದುರು ಅದರ ಅಪ್ಪ, ಅಮ್ಮ ಅಥವಾ ಅಜ್ಜಿ ಕುಳಿತುಕೊಳ್ಳಲಿ. ಮಗು ತನಗೆ ಬಂದಷ್ಟನ್ನು ಅವರಿಗೆ ಓದಿ ಹೇಳಲಿ. ಒಬ್ಬರಿಗೆ ಐದು ಪದ, ಇನ್ನೊಬ್ಬರಿಗೆ ಒಂದು ಕಥೆ. ಅಂದಿನ ಕೂಲಿ ಬಿಟ್ಟು ಬಂದ ತಾಯಿಗೆ, ವೇದಿಕೆಯ ಮೇಲೆ ಇನ್ನೊಬ್ಬರ ಮಗು ಲೋಟ ಪಡೆಯುವುದನ್ನು ನೋಡಿ ಹೋಗುವುದಕ್ಕಿಂತ ಇದು ಹೆಚ್ಚಿನದಲ್ಲವೇ?

ನಮ್ಮ ಬಂಧುಬಳಗದಲ್ಲಿ ದೂರದೇಶಗಳಲ್ಲಿರುವವರಿಗೂ ಒಂದು ಮಾತು. ನಿಮ್ಮ ಮಕ್ಕಳು ವಾರಕ್ಕೊಂದು ದಿನ ಕನ್ನಡ ತರಗತಿಗೆ ಹೋಗಿ ಅಕ್ಷರ ಕಲಿಯುತ್ತಿದ್ದಾರೆಂದು ಕೇಳಿ ಸಂತೋಷಪಟ್ಟಿದ್ದೇನೆ. ಅವರು ಊರಿಗೆ ಬಂದಾಗ ಅಂಗಡಿಯ ಫಲಕವನ್ನೋ ಬಸ್ಸಿನ ಬೋರ್ಡನ್ನೋ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ. ಆಗ ಅತ್ತೆ, ಚಿಕ್ಕಪ್ಪ, ಸೋದರಮಾವಂದಿರು ಉಚ್ಚಾರಣೆಯನ್ನು ಅಣಕಿಸಿ ನಗುವುದುಂಟು. ದಯವಿಟ್ಟು ನಗಬೇಡಿ. ಬಸ್ಸು ಹೊರಡುವಷ್ಟರಲ್ಲಿ ಓದಿ ಮುಗಿಸದಿದ್ದರೂ ಚಿಂತೆಯಿಲ್ಲ, ಮುಂದಿನ ಬಸ್ಸು ಬರುತ್ತದೆ. ಆ ಮಗುವೂ ಬಹಳ ದೂರದಿಂದ ನಡೆದು ಬಂದಿದೆ.

ಈಗ ದತ್ತಿಯ ವಿಷಯಕ್ಕೆ ಬರುತ್ತೇನೆ. ಠೇವಣಿ ಇಡುವ ಮುನ್ನ ಮುಖ್ಯೋಪಾಧ್ಯಾಯರಿಗೆ ಕೊಡುವ ಪತ್ರದಲ್ಲಿ ‘ಅತಿ ಹೆಚ್ಚು ಅಂಕ’ ಎಂಬ ಮಾತನ್ನು ತೆಗೆದುಹಾಕಿ. ಅದರ ಬದಲಿಗೆ ಹೀಗೆ ಬರೆಯಿರಿ: ಒಂದರಿಂದ ಐದನೆಯ ತರಗತಿಯವರೆಗೆ, ಪ್ರತಿ ತರಗತಿಯಲ್ಲಿ, ವರ್ಷಾರಂಭದಲ್ಲಿದ್ದ ಮಟ್ಟದಿಂದ ಓದಿನಲ್ಲಿ ಹೆಚ್ಚು ಮುಂದುವರಿದ ಇಬ್ಬರು ಮಕ್ಕಳಿಗೆ ಪುಸ್ತಕಗಳನ್ನು ಕೊಡತಕ್ಕದ್ದು. ಮಟ್ಟವನ್ನು ತರಗತಿಯ ಶಿಕ್ಷಕರು ವರ್ಷದಲ್ಲಿ ಮೂರು ಬಾರಿ ಓದಿಸಿ ವಹಿಯಲ್ಲಿ ದಾಖಲಿಸತಕ್ಕದ್ದು. ಬಹುಮಾನ ಕೊಡುವಾಗ ಮಗುವಿನ ಹೆಸರಿನೊಡನೆ ಅದು ಎಲ್ಲಿಂದ ಎಲ್ಲಿಗೆ ಬಂದಿದೆಯೆಂಬುದನ್ನು ಸಭೆಗೆ ಓದಿ ಹೇಳತಕ್ಕದ್ದು. ಆಗ ಮನೆಯವರಿಗೆ ಹೆಸರಿನ ಜೊತೆಗೆ ಸಂಗತಿಯೂ ತಿಳಿಯುತ್ತದೆ.

ನನ್ನ ಹೆಸರನ್ನು ಇಡುವುದೂ ಬಿಡುವುದೂ ನಿಮಗೆ ಸೇರಿದ್ದು. ಅದರಲ್ಲಿ ನನಗೆ ಹಟವಿಲ್ಲ. ಈ ಷರತ್ತುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಹಟವಿದೆ. ಹನಿಗೂಡಿದರೆ ಹಳ್ಳ ಎನ್ನುತ್ತಾರೆ. ಹಳ್ಳ ತುಂಬಿ ಹರಿಯುವಾಗ ಎಲ್ಲರೂ ನೋಡಲು ಬರುತ್ತಾರೆ. ಹನಿ ಬೀಳುವಾಗ ನೋಡುವ ಕಣ್ಣು ಮೇಷ್ಟರಿಗಿರಬೇಕು, ಹೆತ್ತವರಿಗಿರಬೇಕು, ದತ್ತಿ ಇಡುವ ನಿಮಗೂ ಇರಲಿ.